ಕೆಲಸಕ್ಕೆ ಮರಳುವ ತಾಯಿಗೆ ಯಾವ ಬ್ರೆಸ್ಟ್ ಪಂಪ್?

ಪ್ರಶ್ನೆ: ನನ್ನ ಮನೆ ಸೀತಾಂಗೋಳಿ ಹತ್ತಿರ, ಕೆಲಸ ಮಂಗಳೂರಿನ ಒಂದು ಖಾಸಗಿ ಕಚೇರಿಯಲ್ಲಿ. ಮಗುವಿಗೆ ಐದು ತಿಂಗಳು. ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿಲ್ಲ. ಮುಂದಿನ ತಿಂಗಳು ರಜೆ ಮುಗಿಯುತ್ತದೆ. ಬೆಳಗ್ಗೆ ಏಳೂಕಾಲಿಗೆ ಮನೆ ಬಿಟ್ಟು ಕುಂಬಳೆಯಲ್ಲಿ ರೈಲು ಹತ್ತಿದರೆ, ವಾಪಸ್ ಮನೆ ಸೇರುವಾಗ ಸಂಜೆ ಆರೂವರೆ. ಪಂಪ್ ತಗೊಳ್ಳೋಣ ಅಂತ ನೋಡಿದರೆ ಕೆಲವು ನೂರು ರೂಪಾಯಿಯಿಂದ ಹಿಡಿದು ಹತ್ತಾರು ಸಾವಿರದವರೆಗೆ ಇದೆ. ತಲೆ ಕೆಟ್ಟುಹೋಯಿತು. ದುಬೈಯಲ್ಲಿರುವ ನಾದಿನಿ ತಾನು ಬಳಸಿದ ಪಂಪ್ ಕೊಡುತ್ತೇನೆ ಅನ್ನುತ್ತಾಳೆ. ಫ್ರಿಜ್ಜಿನಲ್ಲಿಟ್ಟ ಹಾಲು ತಂಗಳು, ಮಗುವಿಗೆ ಶೀತ ಆಗುತ್ತದೆ ಅಂತ ಅತ್ತೆಯ ತಕರಾರು. ಆಫೀಸಿನಲ್ಲಿ ಇದಕ್ಕೆಂದು ಕೋಣೆ ಇಲ್ಲ. ಏನು ಮಾಡಲಿ?

ಉತ್ತರ: ನೇರ ಉತ್ತರ ಮೊದಲು ಕೊಟ್ಟುಬಿಡುತ್ತೇನೆ. ನಿಮಗೆ ಬೇಕಾದದ್ದು ಎರಡೂ ಎದೆಯಿಂದ ಒಟ್ಟಿಗೆ ಹಾಲು ತೆಗೆಯುವ, ಒಳಗೇ ಬ್ಯಾಟರಿ ಇರುವ ಎಲೆಕ್ಟ್ರಿಕ್ ಪಂಪ್. ತೀರಾ ದುಬಾರಿಯದು ಬೇಕಿಲ್ಲ. ನಾದಿನಿಯದ್ದು ಬೇಡ. ಕೋಣೆಯ ವಿಷಯವನ್ನು ಕೆಲಸಕ್ಕೆ ಸೇರುವ ಮೊದಲೇ ಕೇಳಿ. ಅತ್ತೆಯವರನ್ನು ಈಗಿಂದಲೇ ನಿಮ್ಮ ಕಡೆಗೆ ಎಳೆದುಕೊಳ್ಳಿ, ಯಾಕೆಂದರೆ ನೀವು ರೈಲಿನಲ್ಲಿರುವಾಗ ಮಗುವಿಗೆ ಹಾಲು ಕುಡಿಸುವವರು ಅವರೇ ಅಲ್ವಾ?

ಇನ್ನು ಕಾರಣಗಳು. ಪಂಪ್ ಕೇಳಿಕೊಂಡು ಬರುವ ತಾಯಂದಿರು ಮೊದಲು ಕೇಳುವುದು ಕಂಪನಿ ಯಾವುದು, ಬೆಲೆ ಎಷ್ಟು ಅಂತ. ನಾನು ಕೇಳುವುದು ಬೇರೆ. ಎಷ್ಟು ಹೊತ್ತು ಮಗುವಿನಿಂದ ದೂರ ಇರುತ್ತೀರಿ? ದಿನಕ್ಕೆ ಎಷ್ಟು ಸಲ ಹಾಲು ತೆಗೆಯಬೇಕು? ಕೂರಲು ಜಾಗ, ಕರೆಂಟು, ಫ್ರಿಜ್ಜು ಇದೆಯಾ? ಇದಿಷ್ಟು ಗೊತ್ತಾದರೆ ಪಂಪಿನ ಆಯ್ಕೆ ಮುಕ್ಕಾಲು ಮುಗಿದ ಹಾಗೆ.

ನಿಮ್ಮ ಲೆಕ್ಕವನ್ನೇ ನೋಡೋಣ. ಬರೀ ಎದೆಹಾಲು ಕುಡಿಯುವ ಮಗು, ತಿಂಗಳು ತುಂಬಿದಲ್ಲಿಂದ ಆರು ತಿಂಗಳವರೆಗೆ, ದಿನಕ್ಕೆ ಸರಾಸರಿ 750 ಮಿ.ಲೀ. ಆಸುಪಾಸು ಕುಡಿಯುತ್ತದೆ. ಗಂಟೆಗೆ ಸುಮಾರು 30 ಮಿ.ಲೀ. ಅಂತಿಟ್ಟುಕೊಳ್ಳಿ. ನೀವು ಹನ್ನೊಂದು ಗಂಟೆ ಮನೆಯಲ್ಲಿರುವುದಿಲ್ಲ. ಅಂದರೆ 300ರಿಂದ 350 ಮಿ.ಲೀ. ಬೇಕಾಗುತ್ತದೆ. ಹೊರಡುವ ಹದಿನೈದು ನಿಮಿಷ ಮೊದಲು ಮತ್ತು ಬಂದ ಕೂಡಲೇ ನೀವೇ ಕುಡಿಸಿದರೆ ಇನ್ನೂ ಸ್ವಲ್ಪ ಕಮ್ಮಿ ಸಾಕು. ಇನ್ನೊಂದು ಸಮಾಧಾನ ಇದೆ. ನೀವು ಸೇರುವ ಹೊತ್ತಿಗೆ ಮಗುವಿಗೆ ಆರು ತಿಂಗಳು ತುಂಬುತ್ತದೆ, ರಾಗಿ ಮಣ್ಣಿ ಶುರುವಾಗುತ್ತದೆ. ಮೊದಲ ದಿನಗಳಲ್ಲಿ ಅದು ಎರಡು ಮೂರು ಚಮಚ ಅಷ್ಟೇ, ಆಮೇಲೆ ಮೆಲ್ಲಗೆ ಏರುತ್ತದೆ. ಹಾಗಾಗಿ ಫ್ರೀಜರ್ ತುಂಬಾ ಹಾಲಿನ ಪ್ಯಾಕೆಟ್ ಜೋಡಿಸಿಟ್ಟ ಫೋಟೋ ಮೊಬೈಲಿನಲ್ಲಿ ನೋಡಿ ಗಾಬರಿ ಬೀಳಬೇಡಿ. ಮೊದಲ ದಿನಕ್ಕೆ ಬೇಕಾದಷ್ಟು, ಮೇಲೆ ಒಂದು ದಿನದ್ದು ಇದ್ದರೆ ಧಾರಾಳ. ಸೋಮವಾರ ತೆಗೆದದ್ದು ಮಂಗಳವಾರಕ್ಕೆ, ಮಂಗಳವಾರದ್ದು ಬುಧವಾರಕ್ಕೆ. ಹೀಗೆ ಉರುಳಿಕೊಂಡು ಹೋಗುತ್ತದೆ.

ಕಚೇರಿಯಲ್ಲಿ ಮೂರು ಸಲ ತೆಗೆಯಬೇಕಾಗುತ್ತದೆ. ಹತ್ತೂವರೆಗೊಮ್ಮೆ, ಊಟದ ಹೊತ್ತಿಗೊಮ್ಮೆ, ನಾಲ್ಕು ಗಂಟೆಗೊಮ್ಮೆ. ಕೈಯಲ್ಲಿ ಹಿಡಿ ಒತ್ತುವ ಮ್ಯಾನುಯಲ್ ಪಂಪಿನಲ್ಲಿ ಒಂದಾದ ಮೇಲೆ ಒಂದು ಕಡೆ ತೆಗೆಯುವಾಗ ಅರ್ಧ ಗಂಟೆ ಬೇಕು. ಮೂರು ಸಲಕ್ಕೆ ಒಂದೂವರೆ ಗಂಟೆ. ಮೇಲಾಗಿ ಬೆರಳು, ಮಣಿಕಟ್ಟು ನೋವು. ಎರಡೂ ಕಡೆ ಒಟ್ಟಿಗೆ ತೆಗೆಯುವ ಡಬಲ್ ಎಲೆಕ್ಟ್ರಿಕ್‌ನಲ್ಲಿ ಹದಿನೈದು, ಇಪ್ಪತ್ತು ನಿಮಿಷ ಸಾಕು. ಇದೊಂದೇ ಕಾರಣಕ್ಕೆ ನಿಮಗೆ ಡಬಲ್ ಹೇಳಿದೆ. ನಿಮ್ಮ ಊರಿನ ಶಾಲೆಯಲ್ಲೇ ಟೀಚರ್ ಆಗಿದ್ದು ಮಧ್ಯಾಹ್ನ ಮನೆಗೆ ಓಡಿಬರುವ ಹಾಗಿದ್ದರೆ, ಮ್ಯಾನುಯಲ್ ಸಾಕು ಅಂತ ಹೇಳುತ್ತಿದ್ದೆ. ಪಂಪ್‌ಗಳ ಬಗ್ಗೆ 2016ರಲ್ಲಿ ಬಂದ ಕಾಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ತೂಗಿ ನೋಡುವ ವರದಿ) ಕೂಡ ಹೇಳಿದ್ದು ಹೆಚ್ಚುಕಮ್ಮಿ ಇದನ್ನೇ: ಕೈಯಲ್ಲಿ ಹಿಂಡುವುದು, ಕಮ್ಮಿ ಬೆಲೆಯ ಪಂಪ್, ಎದೆಗೆ ಬಿಸಿ ಶಾಖ, ಮೆದುವಾದ ಮಸಾಜ್ ಇವೆಲ್ಲ ಕೆಲವು ವಿಷಯಗಳಲ್ಲಿ ದೊಡ್ಡ ಎಲೆಕ್ಟ್ರಿಕ್ ಪಂಪಿಗೆ ಸಮ ಅಥವಾ ಮೇಲೂ ಆಗಬಹುದು. ದುಡ್ಡು ಜಾಸ್ತಿ ಕೊಟ್ಟರೆ ಹಾಲೂ ಜಾಸ್ತಿ ಅಂತ ಏನಿಲ್ಲ. ನೀವು ಕೊಡುವ ದುಡ್ಡು ಉಳಿಯುವ ಸಮಯಕ್ಕೆ.

ಬ್ಯಾಟರಿ ಯಾಕೆ? ಕಚೇರಿಯಲ್ಲಿ ಸಿಗುವ ಮೂಲೆಯಲ್ಲಿ ಪ್ಲಗ್ ಪಾಯಿಂಟ್ ಇರುತ್ತದೆ ಅಂತ ಹೇಳಲಾಗದು. ಮಳೆಗಾಲದಲ್ಲಿ ನಮ್ಮ ಕಡೆ ಒಂದು ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಯುಎಸ್‌ಬಿ ಕೇಬಲ್ಲಿನಲ್ಲಿ ಚಾರ್ಜ್ ಆಗುವ ಪಂಪ್ ಆದರೆ ಮೊಬೈಲಿನ ಪವರ್ ಬ್ಯಾಂಕೇ ಆಗುತ್ತದೆ. ಕೊಳ್ಳುವಾಗ ಕೇಳಿ: ಒಂದು ಚಾರ್ಜಿಗೆ ಎಷ್ಟು ಸಲ ತೆಗೆಯಬಹುದು? ಮೂರು ಸಲ ಬರದಿದ್ದರೆ ನಿಮಗೆ ಉಪಯೋಗ ಇಲ್ಲ.

ಮೂರನೇ ವಿಷಯ ಕ್ಲೋಸ್ಡ್ ಸಿಸ್ಟಂ. ಹಾಲು ಮತ್ತು ಮೋಟರಿನ ನಡುವೆ ಒಂದು ತೆಳು ಪೊರೆ ಅಡ್ಡ ಇರುತ್ತದೆ. ಹಾಲಾಗಲಿ, ಅದರ ಪಸೆಯಾಗಲಿ ಟ್ಯೂಬಿಗೆ, ಮೋಟರಿಗೆ ಹೋಗುವುದಿಲ್ಲ. ಓಪನ್ ಸಿಸ್ಟಂನಲ್ಲಿ ಈ ತಡೆ ಇಲ್ಲ. ಕಾಸರಗೋಡಿನ ಆಟಿ ತಿಂಗಳ ಮಳೆಯಲ್ಲಿ ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಬರುತ್ತದೆ. ಹಾಲಿನ ಪಸೆ ಸೇರಿದ ಟ್ಯೂಬು ಬಿಡುತ್ತದಾ? ಟ್ಯೂಬಿನೊಳಗೆ ಕಪ್ಪು ಚುಕ್ಕೆ ಕಂಡರೆ ತೊಳೆಯಲು ಹೋಗಬೇಡಿ, ಬಿಸಾಡಿ ಹೊಸತು ಹಾಕಿ. ಬರೀ ನೀರಿನ ಹನಿ ಕಂಡರೆ, ಹಾಲು ತೆಗೆದಾದ ಮೇಲೆ ಟ್ಯೂಬನ್ನು ಎದೆಗೆ ಇಡುವ ಕೊಳವೆಯಿಂದ ಬಿಡಿಸಿ ಎರಡು ಮೂರು ನಿಮಿಷ ಪಂಪ್ ಸುಮ್ನೆ ಓಡಲಿ. ಒಣಗುತ್ತದೆ.

ನಾದಿನಿಯ ಪಂಪ್ ಬೇಡ ಅಂದದ್ದು ಇದಕ್ಕೇ. ಮನೆಬಳಕೆಯ ಪಂಪ್‌ಗಳನ್ನು ಮಾಡಿರುವುದೇ ಒಬ್ಬರ ಬಳಕೆಗೆ. ಹೊರಗಿನ ಭಾಗ ಕುದಿಸಬಹುದು, ಮೋಟರಿನ ಒಳಗನ್ನು ಕುದಿಸಲಾಗುತ್ತದಾ? ಜೊತೆಗೆ ಮೋಟರು ದಣಿದಿರುತ್ತದೆ, ಎಳೆತ ಕಮ್ಮಿಯಾಗಿರುತ್ತದೆ. ನಿಮಗೋ ನಿಮ್ಮ ಹಾಲೇ ಕಮ್ಮಿಯಾದ ಹಾಗೆ ಕಾಣುತ್ತದೆ. ಪ್ರೀತಿಯಿಂದ ಕೊಡುತ್ತಿದ್ದಾರೆ, ಬೇಡ ಅನ್ನಲು ಕಷ್ಟ, ಗೊತ್ತು. ಹೊಸತೇ ತಂದುಕೊಡು ಅಂತ ಹೇಳಿ ನೋಡಿ! ಗಲ್ಫಿನ ವೋಲ್ಟೇಜು ನಮ್ಮದಕ್ಕೆ ಹೊಂದುತ್ತದೆ, ಚೌಕ ಪಿನ್ನಿಗೆ ಒಂದು ಅಡಾಪ್ಟರ್ ಬೇಕು ಅಷ್ಟೇ. ಅಮೆರಿಕದಿಂದ ತಂದದ್ದಾದರೆ ಚಾರ್ಜರಿನ ಮೇಲೆ 100–240 ವೋಲ್ಟ್ ಅಂತ ಬರೆದಿದೆಯಾ ನೋಡದೆ ಗೋಡೆಗೆ ಸಿಕ್ಕಿಸಬೇಡಿ. ಎರಡಕ್ಕೂ ಇಲ್ಲಿ ವಾರಂಟಿ ಸಿಗುವುದು ಅನುಮಾನ. ವಾಲ್ವ್, ಪೊರೆ ಮುಂತಾದ ಬಿಡಿಭಾಗ ಮಂಗಳೂರಿನಲ್ಲೋ ಆನ್‌ಲೈನಿನಲ್ಲೋ ಸಿಗುತ್ತದೆಯಾ ಅಂತ ಮೊದಲೇ ವಿಚಾರಿಸಿ. ಆಸ್ಪತ್ರೆ ದರ್ಜೆಯ ದೊಡ್ಡ ಪಂಪ್‌ಗಳ ಕತೆ ಬೇರೆ. ಅವನ್ನು ಹಲವರು ಬಳಸಲೆಂದೇ ಮಾಡಿದ್ದು. ಬಾಡಿಗೆಗೆ ತಂದರೂ ಕೊಳವೆ, ಟ್ಯೂಬು, ಬಾಟಲಿ ನಿಮ್ಮದೇ ಹೊಸತು ಬೇಕು. ಅವಧಿಗೆ ಮುಂಚೆ ಹುಟ್ಟಿ ಎದೆಗೆ ಬಾರದ ಮಗುವಿದ್ದರೆ ಅದು ಸರಿ, ನಿಮಗೆ ಬೇಕಿಲ್ಲ.

ಈಗ ಹೆಚ್ಚಿನವರು ಕಡೆಗಣಿಸುವ ವಿಷಯಕ್ಕೆ ಬರುತ್ತೇನೆ. ಎದೆಗೆ ಇಡುವ ಲಾಳಿಕೆಯಂಥ ಭಾಗ ಇದೆಯಲ್ಲ, ಡಬ್ಬದ ಮೇಲೆ ಫ್ಲ್ಯಾಂಜ್ ಅಥವಾ ಬ್ರೆಸ್ಟ್ ಶೀಲ್ಡ್ ಅಂತ ಬರೆದಿರುತ್ತಾರೆ. ಅದಕ್ಕೆ ಅಳತೆ ಇದೆ. ಬಳೆ ಅಂಗಡಿಯಲ್ಲಿ ಕೈ ನೋಡದೆ ಬಳೆ ಕೊಡುವುದಿಲ್ಲ, ಇಲ್ಲಿ ಮಾತ್ರ ಎಲ್ಲರಿಗೂ ಒಂದೇ ಅಳತೆಯದ್ದನ್ನು ಡಬ್ಬದಲ್ಲಿ ಹಾಕಿ ಕಳಿಸುತ್ತಾರೆ. ಸಾಮಾನ್ಯವಾಗಿ 24 ಮಿ.ಮೀ. ಅಥವಾ ಅದರ ಆಸುಪಾಸು. ತುಂಬಾ ಜನಕ್ಕೆ ಅದು ದೊಡ್ಡದಾಗುತ್ತದೆ. ಬದಿಯಡ್ಕ ಕಡೆಯಿಂದ ಒಬ್ಬರು ತಾಯಿ ಬಂದಿದ್ದರು, ಒಳ್ಳೆಯ ದುಬಾರಿ ಪಂಪ್. ಹಾಲು ಬರುವುದಿಲ್ಲ, ತೊಟ್ಟೆಲ್ಲ ಉರಿ. ನನ್ನ ಎದುರಿಗೇ ಹಾಕಿ ನೋಡಲು ಹೇಳಿದೆ. ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೂ ಕೊಳವೆಯೊಳಗೆ ಸರಸರ ಎಳೆದುಕೊಂಡು ಹೋಗುತ್ತಿತ್ತು. ಒಳಗೆ ಸಿಲಿಕೋನಿನ ಚಿಕ್ಕ ಬಳೆ ಕೂರಿಸಿ ಅಳತೆ ಕಮ್ಮಿ ಮಾಡಿದೆವು. ಇನ್ಸರ್ಟ್ ಅಂತ ಕೇಳಿದರೆ ಕಮ್ಮಿ ಬೆಲೆಗೇ ಸಿಗುತ್ತದೆ. ಪಂಪ್ ಅದೇ, ತಾಯಿ ಅವರೇ. ಉರಿ ನಿಂತಿತು, ಹಾಲು ಹನಿ ಹನಿಯಿಂದ ಧಾರೆಗೆ ತಿರುಗಿತು.

ನೀವೇ ಅಳೆಯಬಹುದು. ಮಗು ಕುಡಿಯುವ ಮೊದಲು, ತೊಟ್ಟಿನ ಬುಡದ ಅಗಲವನ್ನು ಮಕ್ಕಳ ಸ್ಕೇಲಿನಲ್ಲಿ ಮಿ.ಮೀ.ನಲ್ಲಿ ನೋಡಿ. ಕಪ್ಪು ಭಾಗ ಸೇರಿಸಬೇಡಿ, ತೊಟ್ಟು ಮಾತ್ರ. ಅದಕ್ಕಿಂತ ಎರಡು ಮೂರು ಮಿ.ಮೀ. ದೊಡ್ಡ ಅಳತೆಯಿಂದ ಶುರುಮಾಡಿ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಇರಬಹುದು, ಅದು ಸಹಜ. ಹಾಕಿದ ಮೇಲೆ ತೊಟ್ಟು ಕೊಳವೆಯೊಳಗೆ ಸಲೀಸಾಗಿ ಹಿಂದೆ ಮುಂದೆ ಆಡಬೇಕು. ಬದಿಗೆ ಉಜ್ಜಿದರೆ ಚಿಕ್ಕದಾಯಿತು, ಕಪ್ಪು ಭಾಗ ಜಾಸ್ತಿ ಒಳಗೆ ಹೋದರೆ ದೊಡ್ಡದಾಯಿತು. ತೆಗೆದ ಮೇಲೆ ತೊಟ್ಟು ಬಿಳಚಿಕೊಂಡಿದ್ದರೆ ಅಳತೆಯೋ ಎಳೆತವೋ ತಪ್ಪಿದೆ. ಬಳಸಿದ ಪಂಪನ್ನು ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ, ಆದ್ದರಿಂದ ಮೊದಲು ಅಳತೆ, ಆಮೇಲೆ ಖರೀದಿ. ಬೇರೆ ಬೇರೆ ಅಳತೆಯ ಫ್ಲ್ಯಾಂಜ್ ಸಿಗದ ಪಂಪನ್ನು ಅಲ್ಲೇ ಬಿಟ್ಟುಬಿಡಿ.

ಎಳೆತದ ಬಗ್ಗೆ ಒಂದು ಮಾತು. ಡಬ್ಬದ ಮೇಲೆ 300 ಎಂಎಂಎಚ್‌ಜಿ ಅಂತ ಎಳೆತದ ಬಲವನ್ನು ದೊಡ್ಡದಾಗಿ ಬರೆದಿರುತ್ತಾರೆ. ಅದಕ್ಕೆ ಮರುಳಾಗಬೇಡಿ. ಒಳ್ಳೆಯ ಪಂಪಿನಲ್ಲಿ ಎರಡು ಹಂತ ಇರುತ್ತದೆ. ಮೊದಲು ಹಗುರಾಗಿ, ಬೇಗ ಬೇಗ ಎಳೆದು ಹಾಲು ಇಳಿಯುವಂತೆ ಮಾಡುವುದು. ಹಾಲು ಇಳಿದ ಮೇಲೆ ನಿಧಾನಕ್ಕೆ, ಆಳವಾಗಿ ಎಳೆಯುವುದು. ಮಗು ಮಾಡುವುದೂ ಇದನ್ನೇ. ನೋವಾಗದ ಮಟ್ಟದಲ್ಲಿ ಎಷ್ಟು ಏರಿಸಬಹುದೋ ಅಷ್ಟೇ ಏರಿಸಿ. ನೋವಾದರೆ ಹಾಲು ಇಳಿಯುವುದೇ ನಿಲ್ಲುತ್ತದೆ. ಹಲ್ಲು ಕಚ್ಚಿಕೊಂಡು ಕೂತ ತಾಯಿಗೆ ಪಂಪ್ ಎಷ್ಟು ಜೋರಾದರೂ ಪ್ರಯೋಜನ ಇಲ್ಲ.

ಅಷ್ಟೇ ಮುಖ್ಯವಾದ ಇನ್ನೊಂದು ಚಿಕ್ಕ ವಸ್ತು ವಾಲ್ವ್. ಹೆಚ್ಚಿನ ಪಂಪ್‌ಗಳಲ್ಲಿ ಅದು ಬಾತುಕೋಳಿ ಕೊಕ್ಕಿನ ಆಕಾರದ ಬಿಳಿ ಸಿಲಿಕೋನ್ ತುಂಡು, ತುದಿಯಲ್ಲಿ ಒಂದು ಸೀಳು. ಅದನ್ನು ಬೆಳಕಿಗೆ ಹಿಡಿದು ನೋಡಿ. ಸೀಳು ಪೂರ್ತಿ ಮುಚ್ಚಿಕೊಂಡಿರಬೇಕು. ಕೂದಲೆಳೆಯಷ್ಟು ಬೆಳಕು ಕಂಡರೂ ಎಳೆತ ಸೋರಿಹೋಗುತ್ತದೆ. ಎರಡು ತಿಂಗಳು ಚೆನ್ನಾಗಿ ಬರುತ್ತಿತ್ತು, ಈಗ ಹಾಲೇ ಬತ್ತಿಹೋಯಿತು ಅಂತ ಅಳುತ್ತಾ ಬರುವವರಲ್ಲಿ ಎಷ್ಟೋ ಜನರದ್ದು ಹಾಲಿನ ತೊಂದರೆ ಅಲ್ಲವೇ ಅಲ್ಲ, ಈ ವಾಲ್ವಿನ ತೊಂದರೆ. ತೊಳೆಯುವಾಗ ಬ್ರಷ್ ತೂರಿಸಬೇಡಿ, ಬೆರಳಲ್ಲಿ ಮೆದುವಾಗಿ ಉಜ್ಜಿ. ದಿನಕ್ಕೆ ಮೂರು ಸಲ ಬಳಸುವವರು ಒಂದೆರಡು ತಿಂಗಳಿಗೊಮ್ಮೆ ಬದಲಿಸಬೇಕು. ಪಂಪ್ ತಗೊಳ್ಳುವಾಗಲೇ ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ.

ರವಿಕೆಯೊಳಗೇ ಕೂರುವ ವೇರಬಲ್ ಪಂಪ್ ಬಗ್ಗೆ ನೀವು ಕೇಳಿಲ್ಲ, ಆದರೂ ಜಾಹೀರಾತು ನೋಡಿರುತ್ತೀರಿ. ಟ್ಯೂಬು, ವಯರು ಇಲ್ಲ. ಶಾಲು ಹೊದ್ದು ಸೀಟಿನಲ್ಲೇ ಕೂತು ತೆಗೆಯಬಹುದು. ಕೋಣೆ ಸಿಗದವರಿಗೆ ಅನುಕೂಲ, ಒಪ್ಪುತ್ತೇನೆ. ಆದರೆ ತೊಟ್ಟು ಸರಿಯಾಗಿ ಕೂತಿದೆಯಾ ಅಂತ ಕಾಣುವುದಿಲ್ಲ, ಬಗ್ಗಿದರೆ ಚೆಲ್ಲುತ್ತದೆ, ಬಿಚ್ಚಿ ತೊಳೆಯುವ ಭಾಗ ಜಾಸ್ತಿ, ಕೆಲವರಿಗೆ ಪೂರ್ತಿ ಖಾಲಿಯೂ ಆಗುವುದಿಲ್ಲ. ಮೊದಲ ಪಂಪಾಗಿ ಅದು ಬೇಡ. ಇನ್ನು ಮೆಡಿಕಲ್ ಶಾಪ್‌ಗಳಲ್ಲಿ ಈಗಲೂ ಸಿಗುವ, ರಬ್ಬರ್ ಬುರುಡೆ ಒತ್ತಿ ಬಿಡುವ ಪಂಪನ್ನಂತೂ ಮುಟ್ಟಲೇಬೇಡಿ. ಹಾಲು ಬುರುಡೆಯೊಳಗೆ ಹೋಗಿ ಸೇರುತ್ತದೆ, ಅದನ್ನು ಶುಚಿ ಮಾಡುವ ದಾರಿ ಇಲ್ಲ, ಎಳೆತಕ್ಕೂ ಹಿಡಿತ ಇಲ್ಲ.

ಯಾವ ಪಂಪ್ ಕೊಂಡರೂ ಕೈಯಲ್ಲಿ ಹಿಂಡುವುದನ್ನು ಕಲಿತಿರಿ. ಚಾರ್ಜ್ ಮುಗಿದ ದಿನ, ವಾಲ್ವ್ ಮನೆಯಲ್ಲೇ ಬಿಟ್ಟುಬಂದ ದಿನ ಕಾಪಾಡುವುದು ಅದೇ. ಕೈ ತೊಳೆದುಕೊಂಡು, ತೊಟ್ಟಿನಿಂದ ಎರಡು ಮೂರು ಸೆಂ.ಮೀ. ಹಿಂದೆ ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ ಇಡಿ. ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಎರಡೂ ಬೆರಳು ಸೇರಿಸಿ ಒತ್ತಿ, ಸಡಿಲಿಸಿ. ಚರ್ಮದ ಮೇಲೆ ಜಾರಿಸಬೇಡಿ, ತೊಟ್ಟನ್ನು ಎಳೆಯಬೇಡಿ. ಪಂಪ್ ಓಡುತ್ತಿರುವಾಗಲೂ ಗಟ್ಟಿ ಇರುವ ಕಡೆ ಅಂಗೈಯಿಂದ ಮೆತ್ತಗೆ ಒತ್ತಿದರೆ ಹಾಲು ಚೆನ್ನಾಗಿ ಇಳಿಯುತ್ತದೆ.

ಅಭ್ಯಾಸವನ್ನು ಕೆಲಸಕ್ಕೆ ಸೇರುವ ಎರಡು ಮೂರು ವಾರ ಮೊದಲು ಶುರುಮಾಡಿ. ದಿನಕ್ಕೊಂದು ಸಲ ಸಾಕು. ಬೆಳಗ್ಗೆ ಮಗು ಕುಡಿದು ಒಂದು ಗಂಟೆ ಆದ ಮೇಲೆ ಒಳ್ಳೆಯ ಹೊತ್ತು. ಮೊದಲ ದಿನ ಬಾಟಲಿಯ ತಳ ಮುಚ್ಚುವಷ್ಟೂ ಬರದಿರಬಹುದು. ಪಂಪಿಗೆ ಹಾಲು ಕೊಡುವುದು ಮೈಗೆ ಹೊಸತು. ಪಂಪಿನಲ್ಲಿ ಬಂದಷ್ಟೇ ನಿಮ್ಮ ಹಾಲು ಅಂತ ತಿಳಿಯಬೇಡಿ, ಮಗು ಪಂಪಿಗಿಂತ ಚೆನ್ನಾಗಿ ಎಳೆಯುತ್ತದೆ. ಹಾಗಂತ ಸ್ಟಾಕ್ ಮಾಡುವ ಹುಮ್ಮಸ್ಸಿನಲ್ಲಿ ದಿನಕ್ಕೆ ಐದಾರು ಸಲ ತೆಗೆಯಲು ಹೋದರೆ ಹಾಲು ಬೇಕಾದ್ದಕ್ಕಿಂತ ಜಾಸ್ತಿಯಾಗಿ ಎದೆ ಕಲ್ಲಾಗುತ್ತದೆ. ಹಾಲು ಕಟ್ಟಿದರೆ ಜೋರಾಗಿ ತಿಕ್ಕಬೇಡಿ. ತಣ್ಣನೆ ಬಟ್ಟೆ ಇಡಿ, ಮಗುವಿಗೆ ಎಂದಿನಂತೆ ಕುಡಿಸಿ. ಜ್ವರ ಬಂದರೆ, ಕೆಂಪಾಗಿ ನೋವು ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಆಗಲೂ ಎದೆಹಾಲು ನಿಲ್ಲಿಸಬೇಕಾಗಿಲ್ಲ.

ಇನ್ನು ಹಾಲು ಇಡುವ ವಿಷಯ. 25 ಡಿಗ್ರಿ ಒಳಗಿನ ಕೋಣೆಯಲ್ಲಿ ನಾಲ್ಕು ಗಂಟೆ ಇಡಬಹುದು ಅನ್ನುತ್ತಾರೆ. ನಮ್ಮ ಕರಾವಳಿಯಲ್ಲಿ 25 ಡಿಗ್ರಿ ಎಲ್ಲಿದೆ? ಹಾಗಾಗಿ ತೆಗೆದ ಕೂಡಲೇ ತಣ್ಣಗಿನ ಜಾಗಕ್ಕೆ ಸೇರಿಸಿ. ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ ನಾಲ್ಕು ದಿನ ಇರುತ್ತದೆ. ಶುಕ್ರವಾರ ತೆಗೆದದ್ದು ಸೋಮವಾರಕ್ಕೆ ಆಗುತ್ತದೆ. ಬಾಗಿಲಿನ ತಟ್ಟೆಯಲ್ಲಿ ಇಡಬೇಡಿ, ಒಳಗೆ ಹಿಂದಕ್ಕೆ ಇಡಿ. ಫ್ರೀಜರಿನಲ್ಲಿ ಆರು ತಿಂಗಳು. ಫ್ರೀಜರಿನದ್ದು ಕರಗಿದ ಮೇಲೆ ಫ್ರಿಜ್ಜಿನಲ್ಲಿ ಒಂದು ದಿನ ಮಾತ್ರ. ಐಸ್ ಪ್ಯಾಕ್ ಹಾಕಿದ ಕೂಲರ್ ಬ್ಯಾಗಿನಲ್ಲಿ 24 ಗಂಟೆವರೆಗೂ ಇಡಬಹುದು, ನಿಮಗೆ ಬೇಕಾದದ್ದು ಎರಡು ಗಂಟೆಯ ಪ್ರಯಾಣಕ್ಕೆ. ಬೆಳಗ್ಗೆ ಪ್ಯಾಕ್‌ಗಳನ್ನು ಆಫೀಸಿನ ಫ್ರೀಜರಿಗೆ ಸೇರಿಸಿ, ಸಂಜೆ ತೆಗೆದುಕೊಂಡು ಹೊರಡಿ. ಅಲ್ಲಿ ಫ್ರಿಜ್ ಇಲ್ಲದಿದ್ದರೆ ದಪ್ಪ ಗೋಡೆಯ ಬ್ಯಾಗು, ಹೆಚ್ಚು ಪ್ಯಾಕು ಬೇಕು. ಮನೆಯಲ್ಲಿ ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ನಾಲ್ಕು ಗಂಟೆ ತಂಪು ಉಳಿಯುತ್ತದೆ. ಫ್ರೀಜರಿನ ಹಾಲಿನಲ್ಲಿ ಇನ್ನೂ ಐಸಿನ ಹರಳು ಕಾಣುತ್ತಿದ್ದರೆ ಪುನಃ ಗಟ್ಟಿಯಾಗಲು ಬಿಡಬಹುದು.

ಭಾಗಗಳನ್ನು ಪ್ರತಿ ಸಲ ಬಿಸಿನೀರು, ಸೋಪು ಹಾಕಿ ತೊಳೆದು ಗಾಳಿಗೆ ಒಣಗಿಸಬೇಕು. ಆಫೀಸಿನ ಸಿಂಕಿನೊಳಗೆ ಇಟ್ಟು ತೊಳೆಯಬೇಡಿ, ಇದಕ್ಕೆಂದೇ ಒಂದು ಡಬ್ಬಿ ಇರಲಿ. ದಿನಕ್ಕೊಮ್ಮೆ ಮನೆಯಲ್ಲಿ ಐದು ನಿಮಿಷ ಕುದಿಸಿ. ಕೊಳವೆ, ವಾಲ್ವ್ ಎರಡು ಮೂರು ಸೆಟ್ ಇದ್ದರೆ ಆಫೀಸಿನಲ್ಲಿ ತೊಳೆಯುವ ಕೆಲಸವೇ ತಪ್ಪುತ್ತದೆ.

ಅತ್ತೆಯವರ ತಕರಾರಿನಲ್ಲಿ ಪೂರ್ತಿ ಹುರುಳಿಲ್ಲ ಅನ್ನಲಾರೆ. ಅನ್ನವೋ ಸಾರೋ ತಂಗಳಾದರೆ ಮಕ್ಕಳಿಗೆ ಕೊಡಬಾರದು ಅನ್ನುವ ಎಚ್ಚರ ಅದು. ಆದರೆ ಶುಚಿಯಾಗಿ ತೆಗೆದು ತಣ್ಣಗಿಟ್ಟ ಎದೆಹಾಲು ಕೆಡುವುದಿಲ್ಲ, ತಂಪು ಹಾಲಿನಿಂದ ಶೀತವೂ ಬರುವುದಿಲ್ಲ. ಶೀತ ಬರುವುದು ವೈರಸ್ಸಿನಿಂದ. ಅವರ ಸಮಾಧಾನಕ್ಕೆ, ಪಾತ್ರೆಯನ್ನು ಬಿಸಿನೀರಿನ ಬಟ್ಟಲಿನಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡಿ ಕೊಡಲಿ. ಒಲೆಯ ಮೇಲೆ ಕುದಿಸುವುದು, ಮೈಕ್ರೋವೇವ್ ಎರಡೂ ಬೇಡ. ಮೇಲೆ ಕೆನೆ ಕಟ್ಟಿ ನೀರು ನೀರು ಕಾಣುತ್ತದೆ, ಒಡೆದಿದೆ ಅಂತ ಚೆಲ್ಲಬಾರದು. ಮೆಲ್ಲಗೆ ತಿರುಗಿಸಿದರೆ ಕೂಡಿಕೊಳ್ಳುತ್ತದೆ. ಕೆಲವರ ಹಾಲು ಇಟ್ಟ ಮೇಲೆ ಸೋಪಿನ ವಾಸನೆ ಬರುತ್ತದೆ, ಅದರಿಂದಲೂ ಮಗುವಿಗೆ ಅಪಾಯ ಇಲ್ಲ. ಹುಳಿ ವಾಸನೆ ಬಂದರೆ ಮಾತ್ರ ಚೆಲ್ಲಿ.

ಕುಡಿಸಲು ಬಾಟಲಿ ಬೇಡವೇ ಬೇಡ. ಮನೆಯಲ್ಲಿ ಒಳಲೆ, ಅಂದರೆ ಮಗುವಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು, ಇರುತ್ತದಲ್ಲ? ನಿಮ್ಮ ಗಂಡನಿಗೆ ಅದರಲ್ಲೇ ಕುಡಿಸಿರುತ್ತಾರೆ. ಒಳಲೆ ಹಿಡಿಯುವ ಕೈಚಳಕ ನಿಮಗಿಂತ, ನನಗಿಂತ ಅತ್ತೆಯವರಿಗೆ ಚೆನ್ನಾಗಿ ಗೊತ್ತು. ಮಗುವನ್ನು ಮಲಗಿಸಬಾರದು, ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ತುಟಿಗೆ ಸ್ವಲ್ಪ ಸ್ವಲ್ಪವೇ ತಾಗಿಸಬೇಕು, ಬಾಯೊಳಗೆ ಸುರಿಯಬಾರದು. ಇದೊಂದನ್ನು ಮಾತ್ರ ನೆನಪಿಸಿ. ಆರು ತಿಂಗಳ ಮಗು ಸಣ್ಣ ಲೋಟದಲ್ಲೂ ಕುಡಿಯುತ್ತದೆ. ಒಂದೊಂದು ಡಬ್ಬಿಯಲ್ಲಿ 60ರಿಂದ 90 ಮಿ.ಲೀ. ಮಾತ್ರ ತುಂಬಿಡಿ. ಕುಡಿದು ಉಳಿದದ್ದನ್ನು ಎರಡು ಗಂಟೆಯೊಳಗೆ ಕೊಡದಿದ್ದರೆ ಚೆಲ್ಲಬೇಕು, ಕಷ್ಟಪಟ್ಟು ತೆಗೆದದ್ದು ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ. ಕುಡಿಸುವ ಅಭ್ಯಾಸವೂ ಈಗಲೇ ಆಗಲಿ. ನೀವು ಎದುರಿಗಿದ್ದರೆ ಮಗು ಒಳಲೆಗೆ ಬಾಯಿ ಹಾಕುವುದಿಲ್ಲ, ಆ ಹೊತ್ತು ನೀವು ಬೇರೆ ಕೋಣೆಯಲ್ಲಿರಿ.

ಕೋಣೆಯ ವಿಷಯದಲ್ಲಿ ಸಂಕೋಚ ಬೇಡ. ಮಗುವಿಗೆ 15 ತಿಂಗಳು ಆಗುವವರೆಗೆ, ಊಟದ ಬಿಡುವಲ್ಲದೆ ದಿನಕ್ಕೆ ಇನ್ನೆರಡು ಬಿಡುವು ಕೊಡಬೇಕು ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. 50 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರವೂ ಬೇಕು. ನಿಮ್ಮ ಮೂರು ಸಲಕ್ಕೆ ಊಟದ ಬಿಡುವೂ ಸೇರಿ ಲೆಕ್ಕ ಸರಿಹೋಗುತ್ತದೆ. ಸೇರುವ ಹದಿನೈದು ದಿನ ಮೊದಲೇ ಇಮೇಲ್ ಮಾಡಿ. ಒಳಗಿನಿಂದ ಚಿಲಕ ಹಾಕುವ ಒಂದು ಕೋಣೆ, ಒಂದು ಕುರ್ಚಿ, ದಿನಕ್ಕೆ ಮೂರು ಸಲ ಇಪ್ಪತ್ತು ನಿಮಿಷ. ಇಷ್ಟೇ ಕೇಳಿ. ಮೀಟಿಂಗ್ ರೂಮು, ಫೈಲಿನ ಕೋಣೆ ಯಾವುದಾದರೂ ಆಗುತ್ತದೆ. ಶೌಚಾಲಯ ತೋರಿಸಿದರೆ ಒಪ್ಪಬೇಡಿ. ಅಲ್ಲಿ ಕೂತು ಯಾರೂ ತಿಂಡಿ ಮಾಡುವುದಿಲ್ಲ, ಮಗುವಿನ ಊಟವನ್ನೂ ಅಲ್ಲಿ ತಯಾರಿಸಬೇಕಾಗಿಲ್ಲ. ಸಾಧ್ಯವಾದರೆ ವಾರದ ನಡುವೆ, ಬುಧವಾರವೋ ಗುರುವಾರವೋ ಕೆಲಸಕ್ಕೆ ಸೇರಿ. ಎರಡು ಮೂರು ದಿನ ಓಡಿಸಿ ನೋಡಿ, ಎಲ್ಲಿ ಎಡವಟ್ಟಾಯಿತೋ ಅದನ್ನು ಶನಿವಾರ, ಭಾನುವಾರ ಸರಿಮಾಡಿಕೊಳ್ಳಬಹುದು.

ಎಷ್ಟು ತಿಂಗಳು ಹೀಗೆ ಅಂತ ಮುಂದೆ ಕೇಳುತ್ತೀರಿ. ಮಗು ಮೂರು ಹೊತ್ತು ಗಂಜಿ, ಅನ್ನ ತಿನ್ನಲು ಶುರುಮಾಡಿದ ಮೇಲೆ ನಾಲ್ಕು ಗಂಟೆಯದ್ದನ್ನು ಮೊದಲು ಬಿಡಿ, ಹೇಗೂ ಮನೆಗೆ ಬಂದು ಕುಡಿಸುತ್ತೀರಿ. ಒಂದು ವಾರ ಎದೆ ಬಿಗಿಯದಿದ್ದರೆ ಹತ್ತೂವರೆಯದ್ದನ್ನು ಬಿಡಿ. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವರಿಗೆ ಆಫೀಸಿನಲ್ಲಿ ಪಂಪ್ ಬೇಕಾಗುವುದಿಲ್ಲ. ರಾತ್ರಿ, ಬೆಳಗ್ಗೆ ಎದೆಯಿಂದ ಕುಡಿಸುವುದನ್ನು ಎರಡು ವರ್ಷದವರೆಗೋ ಅದರ ಮೇಲೂ ಧಾರಾಳವಾಗಿ ಮುಂದುವರಿಸಬಹುದು.